ಷರಾ

ಇವತ್ತು ಮಾರ್ಚ್ ಇಪ್ಪತ್ತೊಂಬತ್ತು.
ಕಾರವಾರದ ಉಪ್ಪುಗಾಳಿಗೆ
ಹೊಸ ಸ್ಟೇಪ್ಲರ್ ಪಿನ್ನಿಗೂ ಮೂರೇ ತಿಂಗಳಲ್ಲಿ ತುಕ್ಕು,
ಕಡತದ ಹಾಳೆಗಳ ಮೂಲೆಯಲ್ಲಿ ಕಂದು ಕಲೆ.
ಅನುದಾನ ಮುಗಿಸಲು ಎರಡು ದಿನ ಉಳಿದಿದೆ.

ನಮೂನೆಯಲ್ಲಿ ಒಂಬತ್ತು ಅಂಕಣ.
ಮಾನವ ಸಾಗಾಣಿಕೆ ತಡೆ, ಜಾಗೃತಿ ಸಭೆ: ಮೂವತ್ತೆರಡು.
ಬ್ಯಾನರ್: ಮೂವತ್ತೆರಡು.
ಅವಲಕ್ಕಿ ಪೊಟ್ಟಣ: ಸಾವಿರದ ಆರುನೂರು, ವೋಚರ್ ಲಗತ್ತಿಸಿದೆ.
ರಕ್ಷಿಸಿದವರು ಹದಿನಾಲ್ಕು, ಪುನರ್ವಸತಿ ಹದಿನಾಲ್ಕು.
ತಾಳೆ ಸರಿಯಾಗಿದೆ.
ಕೊನೆಯ ಅಂಕಣ ಷರಾ, ಕಿರುಬೆರಳಿನಷ್ಟು ಅಗಲ.
'ಏನೂ ಇಲ್ಲ' ಎಂದು ಬರೆದು ಗೆರೆ ಎಳೆಯುವುದು ವಾಡಿಕೆ.

ನಾನು ಗುತ್ತಿಗೆಯವಳು. ಐದು ತಿಂಗಳ ಸಂಬಳ ಬರಬೇಕು.
ಆದರೂ ಕೈ ಇವತ್ತು ಗೆರೆ ಎಳೆಯಲಿಲ್ಲ.

ಏಳನೆಯ ಹೆಸರು ಜನಿ ವರಕ, ಹತ್ತೊಂಬತ್ತು, ಮುಂಡಗೋಡದ ಕಡೆಯ ಗೌಳಿವಾಡೆ.
ಮಡಗಾಂವದಲ್ಲಿ ಪಾತ್ರೆ ತೊಳೆಯುವ ಕೆಲಸ ಎಂದು ಕರೆದೊಯ್ದವನು
ಗಬ್ಬದ ಎಮ್ಮೆಯ ಔಷಧಕ್ಕೆಂದು ಅವಳಪ್ಪನಿಗೆ ಮೂರು ಸಾವಿರ ಮುಂಗಡ ಕೊಟ್ಟಿದ್ದ.
ಅವನನ್ನು ನಾವೂ ಬಲ್ಲೆವು.
ನಮ್ಮದೇ ಸಭೆಯ ಎರಡನೇ ಸಾಲಿನಲ್ಲಿ ಕೂತು
ಅವಲಕ್ಕಿ ತಿಂದು, ಹಾಜರಿಗೆ ರುಜು ಹಾಕಿದ್ದಾನೆ:
ಕ್ರಮಸಂಖ್ಯೆ ನಲವತ್ತೊಂದು. ಅಕ್ಷರ ಸೊಗಸಾಗಿದೆ.
ಸಭೆ ಬೆಳಗಿನ ಹನ್ನೊಂದಕ್ಕೆ.
ಆ ಹೊತ್ತಿಗೆ ಜನಿ ಎಮ್ಮೆಗಳ ಹಿಂದೆ ಕಾಡಿನಲ್ಲಿದ್ದಳು.

ಪೊಲೀಸರೊಡನೆ ಹೋಗಿ, ಮಾಜಾಳಿ ಗೇಟು ದಾಟಿಸಿ ತಂದೆವು.
ಫೋಟೋ ತೆಗೆದೆವು, ಮುಖ ಮಸುಕು ಮಾಡಿದೆವು,
ಹೊಲಿಗೆಯಂತ್ರ ಕೊಟ್ಟೆವು.
ವಾಡೆಯಲ್ಲಿ ಹೊಲಿಸುವವರು ಎಷ್ಟು ಜನ, ಕೇಳಲಿಲ್ಲ.
ಪರಿಹಾರದ ಹಣ ಖಾತೆಯ ಬಾಗಿಲಿಗೆ ಬಂದು ಮರಳಿತು:
ಆಧಾರದಲ್ಲಿ ಅವಳು ಜಾನಿ, ಬ್ಯಾಂಕಿನಲ್ಲಿ ಜನಿ.
ಒಂದು ದೀರ್ಘ.
ಆ ದೀರ್ಘದೊಳಗೆ ಹನ್ನೊಂದು ತಿಂಗಳು ಹೋಯಿತು.
ಯಂತ್ರ ಮಾರಿದರು. ಅವನು ಮತ್ತೆ ಬಂದ.

ಕಳೆದ ಶುಕ್ರವಾರ, ಶಿರವಾಡ ಸ್ಟೇಷನ್ನು, ರಾತ್ರಿ ಎರಡೂಕಾಲು.
ನಮ್ಮ ಸಹಾಯವಾಣಿಯ ಫಲಕ ಒಂದನೇ ಪ್ಲಾಟ್‌ಫಾರಮ್ಮಿನ ಕಂಬದಲ್ಲಿ,
ಮಡಗಾಂವದ ಗಾಡಿ ಎರಡನೆಯದಕ್ಕೆ.
ಅಲ್ಲಿ ಬೈತಖೋಲದ ಬಂಗಡೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು
ಪುತ್ಲಾಬಾಯಿ ದುರ್ಗೇಕರ, ಯಾವ ತರಬೇತಿಯೂ ಆಗದವಳು.
'ಖಂಯ್ ವತಾ ಗೊ ಬಾಯ್?' ಎಂದಳಂತೆ.
ಹುಡುಗಿ ಬಾಯಿಬಿಡಲಿಲ್ಲ, ಪಕ್ಕದವನು ಬಿಟ್ಟ: 'ನನ್ನ ತಂಗಿ.'
'ನಿನ್ನನ್ನು ಯಾರು ಕೇಳಿದರು?'
ಗಾಡಿ ಬಂತು.
ಪುತ್ಲಾಬಾಯಿ ಬುಟ್ಟಿಯ ಒಂದು ಕಿವಿ ಜನಿಯ ಕೈಗೆ ತುರುಕಿ
'ಹಿಡಿ, ನನ್ನ ಸೊಂಟ ನೋಯ್ತದೆ' ಎಂದಳು.
ಅಲ್ಲಿ ಗಾಡಿ ನಿಲ್ಲುವುದು ಎರಡೇ ನಿಮಿಷ.
ಎರಡು ನಿಮಿಷವೂ ಹಿಡಿಸಿಕೊಂಡೇ ನಿಂತಳು.
ಅವನು ಹತ್ತಿ ಹೋದ. ಜನಿ ಉಳಿದಳು.
ಬಂಗಡೆಯೂ ಉಳಿಯಿತು, ಬೆಳಗಾಗುವುದರೊಳಗೆ ಕೆಟ್ಟಿತು.

ಸಹಾಯವಾಣಿಯ ದನಿ ಜಿಲ್ಲೆಯ ಹೆಸರನ್ನು ಮೂರು ಸಲ ಕೇಳಿತಂತೆ.
ಕೊನೆಗೆ ನನಗೆ ಫೋನು. ರಿಕ್ಷಾಕ್ಕೆ ಇನ್ನೂರ ನಲವತ್ತು.
ಅಪರಾತ್ರಿ ರಶೀದಿ ಕೊಡುವ ರಿಕ್ಷಾ ಊರಲ್ಲಿಲ್ಲ.
ಇದನ್ನು ಯಾವ ಶೀರ್ಷಿಕೆಯಡಿ ಹಾಕಲಿ?
ಬಂಗಡೆಯ ಬೆಲೆಯನ್ನು?

ಷರಾದಲ್ಲಿ ಬರೆಯತೊಡಗಿದೆ. ಅಕ್ಷರಗಳು ಇರುವೆಯಾಗಿ
ಗೆರೆ ದಾಟಿ ಎಂಟಕ್ಕೆ, ಏಳಕ್ಕೆ ಹರಿದವು:
ಒಂದು ಬ್ಯಾನರಿನ ದುಡ್ಡಲ್ಲಿ ಪುತ್ಲಾಬಾಯಿಯ ಫೋನಿಗೆ ವರ್ಷದ ಕರೆನ್ಸಿ ಆಗುತ್ತದೆ.
ಎಮ್ಮೆ ಕೊಟ್ಟಿಗೆಗೆ ಬಂದ ಮೇಲೆ ಸಭೆ ಇಡಿ.
ಮುಂಗಡ ಕೊಡುವವನಿಗಿಂತ ಮೊದಲು ಔಷಧ ತಲುಪಲಿ.
ಕರೆತಂದ ಮೇಲೆ ತಿಂಗಳಿಗೊಮ್ಮೆ ಯಾರಾದರೂ ಹೋಗಿ
ಊಟ ಆಯ್ತಾ ಎಂದು ಕೇಳಿ ಬರಲಿ,
ಆ ಬಸ್ ಚಾರ್ಜು ಮಂಜೂರು ಮಾಡಿ.
ದೀರ್ಘ ತಿದ್ದುವ ಅಧಿಕಾರ ಯಾರದು, ತಿಳಿಸಿ.

ಆಮೇಲೆ ಪುನರ್ವಸತಿಯ ಹದಿನಾಲ್ಕನ್ನು ಹೊಡೆದು
ಹದಿಮೂರು ಎಂದು ಬರೆದೆ.

ಅಧೀಕ್ಷಕ ಬಾನಾವಳಿಕರರು ಕನ್ನಡಕ ಹಣೆಗೇರಿಸಿದರು.
'ಸಂಖ್ಯೆ ಇಳಿದರೆ ಮುಂದಿನ ವರ್ಷ ದುಡ್ಡೂ ಇಳೀತದೆ, ಗೊತ್ತುಂಟಲ್ಲ?'
ಕೆಟ್ಟವರಲ್ಲ.
ನನ್ನ ಸಂಬಳದ ಕಡತ ಹಿಡಿದು ಮೂರು ಸಲ ರಾಜಧಾನಿಗೆ ಹೋಗಿಬಂದವರು.
ಪಿನ್ನು ಹೊಡೆಯದೆ ಹಾಳೆ ಹಿಡಿದು ತುಂಬ ಹೊತ್ತು ಕೂತರು.

ಹೊರಗೆ ಬೆಂಚಿನ ಮೇಲೆ ಜನಿ,
ಪುತ್ಲಾಬಾಯಿಯ ಮನೆಯ ಮೀನುವಾಸನೆಗೆ ಇನ್ನೂ ಒಗ್ಗದ ಮುಖ.
'ಅಕ್ಕಾ, ಎಲ್ಲಿ ರುಜು ಹಾಕಲಿ?'
'ಹಾಕಬೇಡ. ಮೊದಲು ಓದು.'
ಬೆರಳಿಟ್ಟು, ತಡೆತಡೆದು, ಹೆಸರಿಗೆ ಬಂದಳು. ದೀರ್ಘದ ಕಥೆಗೂ ಬಂದಳು.
'ಎರಡೂ ಅಲ್ಲಕ್ಕಾ' ಎಂದಳು.
ನನ್ನ ಪೆನ್ನು ತೆಗೆದುಕೊಂಡು
'ನಿ'ಯ ಕೆಳಗೆ, ಒತ್ತಿ, ಒಂದು ಒತ್ತು ಕೊಟ್ಟಳು.

ಜನ್ನಿ.