ಮಂಜಿನ ಲೆಕ್ಕ

ಕ್ರಾಯ್ಡನ್ನಿನ ಹಳೇ ಬಿಸ್ಕತ್ತು ಕಾರ್ಖಾನೆ.
ಐವತ್ತೆಂಟರ ಫೆಬ್ರವರಿಯಲ್ಲಿ ನಾವದನ್ನು ಸ್ಟುಡಿಯೋ ಎನ್ನುತ್ತಿದ್ದೆವು.
ದೀಪಗಳು ಕಾದಾಗ ತೊಲೆಗಳಿಂದ
ಶುಂಠಿಯ ವಾಸನೆ ಇಳಿಯುತ್ತಿತ್ತು,
ಕೊಲೆಯ ದೃಶ್ಯದಲ್ಲೂ.

ಹನ್ನೆರಡು ದಿನ. ಅರವತ್ತಾರು ನಿಮಿಷದ ಚಿತ್ರ.
ಇದ್ದದ್ದೊಂದೇ ಕಾರು:
ಎಡದಿಂದ ಬಂದರೆ ಕಳ್ಳರದು, ಬಲದಿಂದ ಬಂದರೆ ಪೊಲೀಸರದು.
ನಂಬರ್ ಪ್ಲೇಟು ಬದಲಿಸುವವನೇ ಚಹಾ ಮಾಡುವವನು.
ನಾಯಕ ಅಮೆರಿಕದವನು,
ಅಲ್ಲಿ ಬೇಡವಾದ ಮೇಲೆ ಇಲ್ಲಿಗೆ ಬಂದವನು;
ಮಧ್ಯಾಹ್ನ ಮೂರರ ನಂತರ ಅವನನ್ನು
ಗೋಡೆಗೆ ಒರಗಿಸಿಯೇ ತೆಗೆಯಬೇಕು.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕಂತೆ.
ನಮ್ಮ ಹಾಸಿಗೆಯೂ ಬಾಡಿಗೆಯದು,
ಐದು ಗಂಟೆಗೆ ವಾಪಸು ಕೊಡಬೇಕು.

ನನ್ನದು ಕಂಟಿನ್ಯುಯಿಟಿ.
ಅಂದರೆ ನಿನ್ನೆ ಬಿಚ್ಚಿದ ಗುಂಡಿ ಇವತ್ತೂ ಬಿಚ್ಚಿರಬೇಕು,
ಅರ್ಧ ಉರಿದ ಸಿಗರೇಟು ಊಟವಾದ ಮೇಲೂ ಅರ್ಧವೇ ಇರಬೇಕು.
ನಟರು ಮಾತು ಮರೆತರೆ ಪಿಸುಗುಡುವುದೂ ನಾನೇ.
ಇಪ್ಪತ್ತೆರಡು ವರ್ಷದ ವಿನಿಫ್ರೆಡ್ ಗಾರ್‌ಸೈಡ್,
ಕೊರಳಿಗೆ ಸ್ಟಾಪ್‌ವಾಚು, ಕಿವಿಗೆ ಪೆನ್ಸಿಲ್ಲು.

ಒಂಬತ್ತನೇ ದಿನ ಮೆಟ್ಟಿಲು ಕಟ್ಟಿ ಮುಗಿಯಿತು,
ದುಡ್ಡೂ ಮುಗಿಯಿತು.
ಗೋಡೆಯಿಲ್ಲದ ಮನೆಯಲ್ಲಿ ಮೆಟ್ಟಿಲೊಂದೇ
ಹಲ್ಲುದುರಿದ ಬಾಯಲ್ಲಿ ಉಳಿದ ಹಲ್ಲಿನ ಹಾಗೆ.
ನಿರ್ದೇಶಕ ಥ್ರಿಪ್ ತುಸು ಹೊತ್ತು ನೋಡಿದ.
‘ಮಂಜು ಬಿಡಿ’ ಅಂದ.
ಪ್ಯಾರಫಿನ್ ಸುಟ್ಟರು. ಮೂರು ದಿನ
ಎಲ್ಲರ ಕರವಸ್ತ್ರವೂ ಕಪ್ಪು.

ಆ ಮಂಜಿನಲ್ಲಿ ಏವ್ರಿಲ್ ಲಾಕಿಯರ್ ಇಳಿದು ಬಂದಳು,
ಏಳನೇ ಮೆಟ್ಟಿಲಲ್ಲಿ ನಿಂತಳು, ಕೈಕಂಬಿ ಹಿಡಿದಳು,
ಮರೆತಳು.
ಕ್ಯಾಮೆರಾದ ಪಕ್ಕಕ್ಕೆ, ನನ್ನ ಕಡೆಗೆ ನೋಡಿದಳು.
ಮಾತು ನನ್ನ ತೊಡೆಯ ಮೇಲೇ ಇತ್ತು, ಟೈಪಾಗಿ:
‘ನನಗೇನೂ ಭಯವಿಲ್ಲ.’
ನಾನು ಹೇಳಲಿಲ್ಲ.
ಯಾಕೆ ಅಂತ ಆಗ ಥ್ರಿಪ್ ಕೇಳಿದ, ಆಮೇಲೆ ನಾನೂ ಕೇಳಿಕೊಂಡೆ.
ಹನ್ನೊಂದು ಸೆಕೆಂಡು. ವಾಚು ನೋಡಿದ್ದೇನೆ.
ನೋಟ್‌ಬುಕ್ಕಿನಲ್ಲಿ ಬರೆದೆ:
ಶಾಟ್ ೨೧೨. ಮಾತು ಬಿಟ್ಟಿದೆ. ಮತ್ತೆ ತೆಗೆಯಬೇಕು.
ಕೆಳಗೆ ಬೇರೆ ಕೈಬರಹ: ಫಿಲ್ಮ್ ಉಳಿದಿಲ್ಲ.

ಬಿಡುಗಡೆಯಾದ ಶುಕ್ರವಾರ, ಕಾಲಮ್ಮಿನ ತಳದಲ್ಲಿ,
ಆಲ್ಸೇಷಿಯನ್ ನಾಯಿಗಳ ಸಾಕ್ಷ್ಯಚಿತ್ರಕ್ಕೂ ಕೆಳಗೆ,
ಪ್ರೊಥೆರೊ ಮೂರು ಸಾಲು ಬರೆದ:
‘ಮಂಜು ಚೆನ್ನಾಗಿ ಅಭಿನಯಿಸಿದೆ.
ನಾಯಕಿ ಮಾತ್ರ, ಮುಂದಿನ ಮಾತನ್ನು
ಯಾರಾದರೂ ಹೇಳಿಕೊಡಲೆಂದು ಕಾಯುವಂತಿದ್ದಾಳೆ.’
ಥ್ರಿಪ್ ಅದನ್ನು ಪಬ್ಬಿನಲ್ಲಿ ಎರಡು ಸಲ ಓದಿ ನಗಿಸಿದ.
ಮೂರನೇ ಸಲ ಮನಸ್ಸಿನಲ್ಲೇ ಓದಿಕೊಂಡ,
ಸೋಪಿನ ಜಾಹೀರಾತಿಗೆ ಹೋದ.
ಏವ್ರಿಲ್ ಹೋವ್ ಊರಲ್ಲಿ ಉಣ್ಣೆಯ ಅಂಗಡಿ ಇಟ್ಟಳು.
ಕ್ರಿಸ್ಮಸ್ಸಿಗೆ ಕಾರ್ಡು ಬರುತ್ತಿತ್ತು,
ಆ ಚಿತ್ರದ ಹೆಸರು ಯಾವುದರಲ್ಲೂ ಇರಲಿಲ್ಲ.
ನಂತರ ಕಾರ್ಡೂ ಇಲ್ಲ.

ಐವತ್ತೊಂದು ವರ್ಷಕ್ಕೆ ನನ್ನನ್ನು ಕರೆದರು,
ಥೇಮ್ಸ್ ದಂಡೆಯ ಚಿತ್ರಮಂದಿರಕ್ಕೆ, ಬದುಕಿರುವವಳು ಅಂತ.
ಅಡೆಯೆಮಿ ಎಂಬ ಹುಡುಗಿ ಹನ್ನೆರಡು ಪುಟ ಓದಿದಳು:
ಈ ಮಂಜು ಯುದ್ಧ ಮುಗಿಸಿದ ದೇಶದ ಮರೆವು,
ಈ ನೋಟ ಚೌಕಟ್ಟಿನಾಚೆಗಿರುವ ಯಾರನ್ನೋ
ಹೊಣೆಗಾರರನ್ನಾಗಿ ಮಾಡುತ್ತದೆ.
ಸುಳ್ಳೆನ್ನಲು ನನ್ನಿಂದಾಗಲಿಲ್ಲ.
ಪ್ರೊಥೆರೊ ಬರೆದದ್ದೂ ಸುಳ್ಳಲ್ಲ, ಪುಣ್ಯಾತ್ಮ.
ವಿರಾಮದಲ್ಲಿ ಬಂದು ಕೇಳಿದಳು: ಮಂಜು ಯಾಕೆ?
‘ಗೋಡೆ ಇರಲಿಲ್ಲ, ಮಗೂ.’
ಅದನ್ನೂ ಅಕ್ಕರೆಯಿಂದ ಬರೆದುಕೊಂಡಳು.

ದೀಪ ಆರಿತು.
ಶುಂಠಿಯಿಲ್ಲ, ಕೆಮ್ಮಿಲ್ಲ; ಮಂಜು ತೊಳೆದಷ್ಟು ಶುಭ್ರ.
ಅಮೆರಿಕದವನು ಗೋಡೆಗೆ ಒರಗಿದ.
ಕಾರು ಎಡದಿಂದ ಬಂತು.
ಏವ್ರಿಲ್ ಏಳನೇ ಮೆಟ್ಟಿಲಿಗೆ ಬಂದಳು, ಕೈಗವಸಿನ ಗುಂಡಿ
ಬಿಚ್ಚಿದೆಯೋ ಅಂತ ನೋಡಿದೆ, ಬಿಚ್ಚಿತ್ತು,
ನನ್ನ ಕಡೆ ತಿರುಗಿದಳು.

ನನ್ನ ಬಾಯಿ ತಾನಾಗಿ ಪಿಸುಗುಟ್ಟಿತು:
‘ನನಗೇನೂ ಭಯವಿಲ್ಲ.’

ಮುಂದಿನ ಸಾಲಿನ ಹೆಂಗಸು
ತಿರುಗಿ ‘ಶ್ಶ್’ ಅಂದಳು.