ಹೂವಿನ ಟಿಕೀಟು

ಕಮಲಾಪುರ ದಾರಿಗೆ, ಬಾಳಿ ತೋಟ ದಾಟಿದ ಮ್ಯಾಲ
ಶಹಜಾದಬೀಯ ಹೊಲದಾಗ ಇವತ್ತ ರಾತ್ರಿ ಊಟ.
ಕರದವರು ನಾವೇ, ಬಂದವರೂ ನಾವೇ,
ಹದಿಮೂರು ಮಂದಿ ಹೂವಿನವರು.
ತೂಕದ ಕಾಟಾಕ್ಕ ರಜಾ ಕೊಟ್ಟೀವಿ,
ಅದರ ತಟ್ಟ್ಯಾಗ ಉಳ್ಳಾಗಡ್ಡಿ ಹೆಚ್ಚಿ ಇಟ್ಟೀವಿ.

ದೀಪಾವಳಿ ಮುಗದು ನಾಕು ದಿನ ಆಗಿತ್ತು.
ಹಬ್ಬದ ಹಿಂದಿನ ಸಂಜಿ ಎಂಬತ್ತಕ್ಕ ಹೋದ ಚೆಂಡುಹೂ
ಈಗ ಆರು ರೂಪಾಯಿ ಅಂದ ದಲ್ಲಾಳಿ,
ಅದೂ ಫೋನಿನಾಗ, ನಮ್ಮ ಮಾರಿ ನೋಡದ.
"ಆರಕ್ಕ ಕೊಡೋದು ಯಾಕ, ಅದರ ಮ್ಯಾಲೇ ಕುಂತು ಉಣ್ಣೋಣು"
ಅಂದಾಕಿ ಮಹಾನಂದಾ, ನಗಚಾಟಿಕಿಗೆ.
ಝಮಕಾಬಾಯಿಗೆ ನಗಚಾಟಿಕಿ ತಿಳಿಯೋದಿಲ್ಲ.
ಮರುದಿನ ತಾಂಡಾದಿಂದ ಬಂದೇ ಬಂದಳು,
ತಲಿ ಮ್ಯಾಲ ಒಂದು ಬುಟ್ಟಿ ಸಜ್ಜಿ ರೊಟ್ಟಿ.

ಹಂಗಾಗಿ ಇದು.
ಬೇವಿನ ಗಿಡಕ್ಕ ಕಟ್ಟಿದ ಒಂದು ಬಲ್ಬು,
ಪಂಪ್‌ಸೆಟ್ಟಿನಿಂದ ಎಳದ ವೈರು,
ನೆಲದ ಮ್ಯಾಲ ಮೊಳಕಾಲುದ್ದ ಚೆಂಡುಹೂ.
ಕುಂತರ ಮೊದಲ ತಣ್ಣಗ ಹತ್ತತದ, ಆಮ್ಯಾಲ ಬೆಚ್ಚಗ.
ವಾಸನಿ ಮಾತ್ರ ಕಡಕ್, ಬಾಯಿಗೂ ಬರತದ:
ಪುಂಡಿಪಲ್ಯಾ ಉಂಡರೂ ಚೆಂಡುಹೂ,
ಬೆಲ್ಲ ಕಲಸಿದ ಮಾಲ್ದಿ ಉಂಡರೂ ಚೆಂಡುಹೂ.
"ಇಷ್ಟು ವರ್ಷ ಬೆಳದೀವಿ, ಇದರ ರುಚಿ ಇವತ್ತ ಗೊತ್ತಾತು"
ಅಂತಾಳ ಗುಂಡಮ್ಮ, ಒಂದು ಎಸಳು ಅಗದು, ಥೂ ಅಂತ ಉಗುಳಿ.

ಮಾತು ಬಸ್ಸಿನ ಕಡಿ ಹೊರಳತದ.
ನಮಗ ಟಿಕೀಟಿಲ್ಲ ಈಗ, ಆಧಾರ ತೋರಿಸಿದರ ಸಾಕು,
ಹೂವಿನ ಚೀಲಕ್ಕ ಅದ.
ಕಂಡಕ್ಟರ್ ಬೆರಳು ಮಾಡಿ ಹೇಳತಾನ:
ನೀ ಫ್ರೀ, ಇದು ಫ್ರೀ ಅಲ್ಲ.
ಒಮ್ಮೆ ರತ್ನಮಾಲಾ ಕೇಳಿದಳಂತ,
"ಹೂವು ಹೆಣ್ಣೋ ಗಂಡೋ, ನೀನೇ ಹೇಳಪಾ?"
ಬಸ್ಸಿಗೆ ಬಸ್ಸೇ ನಕ್ಕಿತು.
ಅವನೂ ನಕ್ಕ. ನಕ್ಕೋತ ಮೂವತ್ತರ ಟಿಕೀಟು ಹರದು ಕೊಟ್ಟ.

ನಾಗಿಂದ್ರಮ್ಮ ನಗಲಿಲ್ಲ. ಆಕಿ ಎಣಸ್ಲತ್ತಿದ್ದಳು.
ಸುಗಂಧರಾಜ ಹಾಕಿ ಇಪ್ಪತ್ತೆರಡು ವರ್ಷ,
ಆತ ಹೋದ ವರ್ಷದಿಂದ.
ದರ್ಗಾಕ್ಕ ಹೋಗ್ಯದ, ಗುಡಿಗೆ ಹೋಗ್ಯದ,
ಬೀಗರ ಕೊರಳಿಗೆ, ಗೆದ್ದವರ ಕಾರಿಗೆ, ಹೆಣದ ಮ್ಯಾಲಿಗೆ.
"ಎಲ್ಲಾ ಕಡಿ ಹೋಗ್ಯದ ನನ್ನ ಹೂ,
ನನ್ನ ತಲಿಗೆ ಬರೋ ಬಸ್ಸೇ ಇಲ್ಲ"
ಅಂದು, ತಳದಾಗಿನ ಬ್ಯಾಳಿ ಬಳದು ಹಾಕಿಕೊಂಡಳು.

ಯಾರೂ ಏನೂ ಅನ್ನಲಿಲ್ಲ.
ಶಹಜಾದಬೀ ಎದ್ದು, ಒಂದು ಕಡ್ಡಿ ಸುಗಂಧರಾಜ ಮುರಕೊಂಡು ಬಂದು
ಆಕಿಯ ತಲಿಗಲ್ಲ,
ನೀರಿನ ತಂಬಿಗ್ಯಾಗ ನಿಲ್ಲಿಸಿ ತಾಟಿನ ಮುಂದ ಇಟ್ಟಳು.
ತಂಬಿಗಿ ಎತ್ತಿ ಕುಡಿಯೋವಾಗೆಲ್ಲ
ಹೂವು ಹಣಿಗೆ ತಾಗಿ, ಕೂದಲಿಗೆ ತಾಗಿ, ಹಿಂದ ಸರೀತಿತ್ತು.
ಆ ರಾತ್ರಿ ನಾಗಿಂದ್ರಮ್ಮಗ ಬಾಳ ನೀರಡಿಕಿ.

ಲೆಕ್ಕ ಬರಿಯೋದು ನಾನು, ಎಂಟನೇ ತನಕ ಓದೀನಿ.
ಪಹಣಿ ತೆಗಿಸಿ ನೋಡೀನಿ:
ನಾ ಹೂ ಬೆಳದ ಮೂರು ಎಕರೇಕ್ಕ
ಬೆಳಿ ಕಾಲಂದಾಗ ತೊಗರಿ ಅದ,
ಹೆಸರಿನ ಕಾಲಂದಾಗ ತೀರಿಕೊಂಡ ಮಾವ ಇದ್ದಾನ.
ಉಣ್ಣೋ ಮುಂದ ಈ ಮಾತು ಯಾಕಂತ ಬಿಟ್ಟೆ,
ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಎದ್ದಾಗ ಹತ್ತೂವರೆ.
ಬಲ್ಬು ತೆಗಿಲಾಕ ಹೋದ ಮಹಾನಂದಾ ಕೂಗಿದಳು, "ನೋಡ್ರೇ ಇಲ್ಲಿ!"
ಹೂವಿನ ರಾಶ್ಯಾಗ ಹದಿಮೂರು ತಗ್ಗು,
ಕುಂತವರ ಅಳತಿಗೆ ಸರಿಯಾಗಿ.
ಗುಂಡಮ್ಮಂದು ಎಲ್ಲಾಕಿಂತ ಅಗಲ,
ನಂದು ಒಂದು ಕಡಿ ವಾಲಿದ್ದು.
ಯಾವುದು ಯಾರದು ಅಂತ ಬಾಳೊತ್ತು ಗುರ್ತ ಹಿಡದೀವಿ,
ಜಗಳಾಡೀವಿ ಸೈತ.
ಮುಂಜಾನೆ ಶಹಜಾದಬೀಯ ಆಡು ಬಂದು ಮೇಯತಾವ,
ಮೇಯಲಿ.

ಬಲ್ಬು ಆರಿತು.
ಕತ್ತಲದಾಗ ಝಮಕಾಬಾಯಿ ಖಾಲಿ ಬುಟ್ಟಿ ತಡಕಾಡತಾಳ.
ಐದೂವರೆ ಬಸ್ಸಿಗೆ ಸುಗಂಧರಾಜ ಹೋಗಬೇಕು,
ನಾಕಕ್ಕ ಏಳಬೇಕು.
ಯಾರೋ ಕೇಳತಾರ, ದನಿ ಗುರ್ತ ಸಿಗವಲ್ದು:
ಚಿಲ್ಲರ ಅದ ಏನವಾ, ಹೂವಿನ ಟಿಕೀಟಿಗೆ?