ಹೆಬ್ಬೆರಳಿಗೆ ಗೊತ್ತಿದ್ದದ್ದು

ಮೂವತ್ತೊಂದು ವರ್ಷ ಈ ಹೆಬ್ಬೆರಳು
ಬಾತಿನ ಪಕ್ಕೆಯಡಿ ಒತ್ತಿ ಹೇಳುತ್ತಿತ್ತು:
ಇದಕ್ಕಿನ್ನೂ ಮೂರು ದಿನ, ಇದು ನಾಳೆಗೆ,
ಇದು ಈಗಲೇ.
ತಪ್ಪಿದ್ದು ಕಡಿಮೆ. ತಕ್ಕಡಿ ಆಮೇಲೆ ಬರುತ್ತಿತ್ತು,
ನನ್ನ ಮಾತಿಗೆ ತಲೆಯಾಡಿಸಲು.

ಸೋಮವಾರ ಸಮಾತಾನಿನ ಸಂತೆ.
ಸಿಳ್ಳೆ ಊದುವ ಮೊದಲು ಯಾರೂ ಮುಟ್ಟುವಂತಿಲ್ಲ.
ಬಿಳಿ ಬಟ್ಟೆಯ ಮೇಲೆ ಸಾಲಾಗಿ ನನ್ನ ಈಲಿಗಳು,
ಬೆಣ್ಣೆಬಣ್ಣ, ಒಂದೊಂದೂ ಅರ್ಧ ಕಿಲೋ ಮೇಲೆ,
ಬೆರಳಿಟ್ಟರೆ ಗುಳಿ ಬಿದ್ದು, ಆ ಗುಳಿ
ಅಲ್ಲೇ ಉಳಿಯುವಂಥವು.
"ಒಡಿಲ್ ಕೈಯ ಮಾಲು" ಅನ್ನುತ್ತಿದ್ದರು ತುಲೂಸಿನವರು,
ದರ ಕೇಳದೆ.

ಅದೇ ಮಾಲನ್ನು ಓಶ್ ಆಸ್ಪತ್ರೆಯಲ್ಲಿ
ಯಕೃತ್ತು ಅನ್ನುತ್ತಾರೆ.
ದನಿ ತಗ್ಗಿಸಿ ಅನ್ನುತ್ತಾರೆ.

ಡಾಕ್ಟರ್ ಕಸ್ತೇರಾಗೆ ನನ್ನ ಕಿರಿಮಗಳ ವಯಸ್ಸು.
ಸಕ್ಕರೆಯ ಚೀಟಿ ಮಡಚಿ ಪಕ್ಕಕ್ಕಿಟ್ಟಳು,
ಅದು ಹನ್ನೆರಡು ವರ್ಷದ ಹಳೇ ಸುದ್ದಿ.
ಕೊಬ್ಬಿನ ಚೀಟಿ ತೆಗೆದಳು.
ಟ್ರೈಗ್ಲಿಸರೈಡ್ ಮೇಲೆ ಬರೆದು, ಗೆರೆ ಎಳೆದು,
ಒಳ್ಳೆಯ ಕೊಲೆಸ್ಟ್ರಾಲನ್ನು ಕೆಳಗಿಟ್ಟು
ಭಾಗಿಸಿದಳು, ಶಾಲೆಯ ಹುಡುಗಿಯಂತೆ ತುಟಿ ಕಚ್ಚಿ.
ಒಂಬತ್ತು ಬಂತು.
ಕೊಳವೆಯಲ್ಲಿ ರಕ್ತ ತಂಗಿದ ಮೇಲೆ ಮೇಲಿನ ನೀರು
ತಿಳಿಹಳದಿ ಇರಬೇಕಿತ್ತಂತೆ.
ನನ್ನದು ಜೋಳ ನೆನೆಸಿದ ನೀರಿನ ಹಾಗೆ, ತುಸು ಮಂಕು.
"ಈ ಲೆಕ್ಕ ತೀರ್ಪಲ್ಲ, ಬರೀ ಚಾಡಿ" ಅಂದಳು.
"ಯಕೃತ್ತು ತಾನಾಗಿ ಬಾಯಿಬಿಡುವುದಿಲ್ಲ.
ರಕ್ತ ಬಂದು ಕಿವಿಯಲ್ಲಿ ಹೇಳುತ್ತದೆ."

ಆಮೇಲೆ ತಣ್ಣನೆಯ ಅಂಟು, ಯಂತ್ರದ ಮೂತಿ.
ಒತ್ತಿದಳು,
ನಾನು ಒತ್ತುವ ಜಾಗದಲ್ಲೇ.
ಪರದೆಯ ಮೇಲೆ ಮಸುಕಾಗಿರಬೇಕಾದದ್ದು ಹೊಳೆಯುತ್ತಿತ್ತು.
ಅವಳು ಬಾಯಿ ತೆರೆಯುವ ಮೊದಲೇ
ನಾನು ದರ್ಜೆ ಹೇಳಿದೆ.

"ಆದರೆ ಮಗು, ಕೊಬ್ಬು ಮುಟ್ಟುವವಳಲ್ಲ ನಾನು.
ಮಾರಲು ಮಾಡಿದ್ದನ್ನು ಮನೆಯಲ್ಲಿ ಉಣ್ಣುವ ಸಿರಿವಂತರಲ್ಲ ನಾವು.
ಬ್ರೆಡ್ಡು, ಆಲೂಗಡ್ಡೆ, ರಾತ್ರಿ ಪ್ಲಮ್ಮಿನ ಜಾಮು ಒಂದು ಚಮಚ,
ಫೆರ್ನಾಂ ಹೋದ ಮೇಲೆ ಬಾಟಲಿಯಿಂದಲೇ."

ಅವಳು ನಗಲಿಲ್ಲ.
"ಬಾತುಗಳಿಗೆ ಏನು ತಿನ್ನಿಸುತ್ತೀರಿ?"

ಜೋಳ.
ಬೆಳಿಗ್ಗೆ ಐದಕ್ಕೆ, ಸಂಜೆ ಐದಕ್ಕೆ, ಹನ್ನೆರಡು ದಿನ
ಬರೀ ಬೆಂದ ಮೆಕ್ಕೆಜೋಳ.
ಒಂದು ಚೂರು ಕೊಬ್ಬನ್ನೂ ನಾನು ಯಾವ ಗಂಟಲಿಗೂ ಇಳಿಸಿಲ್ಲ.
ಒಳಗೆ ಹೋದದ್ದು ಹಿಟ್ಟು, ಹೊರಗೆ ಬಂದದ್ದು ಬೆಣ್ಣೆ.
ನಡುವೆ ಏನು ನಡೆಯಿತೆಂದು
ಮೂವತ್ತೊಂದು ವರ್ಷ ಕೇಳದೇ ಇದ್ದವಳು.

ಸಕ್ಕರೆಗೆ ಬಾಗಿಲು ತೆರೆಯದ ಮೈಯಲ್ಲಿ
ಅದೊಂದು ಮಾತ್ರ ಇಲ್ಲ ಅನ್ನಲಾರದಂತೆ,
ಹಿರಿಸೊಸೆಯ ಹಾಗೆ.
ಬಂದದ್ದನ್ನೆಲ್ಲ ಕೊಬ್ಬು ಮಾಡಿ, ಹಿಡಿಸುವಷ್ಟು ಇಟ್ಟುಕೊಂಡು
ಮಿಕ್ಕದ್ದನ್ನು ರಕ್ತಕ್ಕೆ ತಳ್ಳುತ್ತದಂತೆ.

ಕಾಡುಬಾತು ಕೂಡ ಈಲಿಯಲ್ಲಿ ಕೊಬ್ಬು ಕೂಡಿಡುತ್ತದೆ,
ಪಿರನೀಸ್ ದಾಟಬೇಕಲ್ಲ.
ಆಚೆ ಇಳಿಯುವಾಗ ಹಗುರ.
ನಾನು ಯಾವ ಬೆಟ್ಟ ದಾಟಲಿಕ್ಕಿತ್ತು?
ಕೊಟ್ಟಿಗೆಯಿಂದ ಅಡುಗೆಮನೆಗೆ ನಲವತ್ತು ಹೆಜ್ಜೆ.

ಒಮ್ಮೆ ಒಂದು ತಪ್ಪಿಸಿಕೊಂಡಿತ್ತು, ಎಂಟನೇ ದಿನ.
ತಿಂಗಳಾದ ಮೇಲೆ ಹಳ್ಳದ ಬಳಿ ಸಿಕ್ಕಿತು,
ಹುಲ್ಲು, ಹುಳ ಹೆಕ್ಕುತ್ತ.
ಕೊಯ್ದು ನೋಡಿದರೆ ಚಿಕ್ಕದು, ಕೆಂಪು, ಬಿಗಿ,
ಸಂತೆಗೆ ನಾಲಾಯಕ್ಕು.
ಫೆರ್ನಾಂ ಅದನ್ನು ನಾಯಿಗೆ ಎಸೆದ.
ನಷ್ಟವಾಯಿತೆಂದು ನಾನು ಬೈದೆ.

ಇದನ್ನು ಹೇಳಿದಾಗ ಡಾಕ್ಟರು ಪೆನ್ನು ಕೆಳಗಿಟ್ಟಳು.
"ಒಂದೇ ತಿಂಗಳು ಸಾಕಾಯಿತೇ?"
"ಬಾತಿಗೆ" ಅಂದೆ.

ಈಗ ಬೆಳಗಿನ ಜೋಳ ಮುಗಿಸಿ ಹಳ್ಳದವರೆಗೆ ನಡೆಯುತ್ತೇನೆ.
ಹೌದು, ಇನ್ನೂ ಉಣಿಸುತ್ತೇನೆ; ಸಾಲ ಯಾರು ಕಟ್ಟುತ್ತಾರೆ?
ಆದರೆ ಗಂಟಲು ಹಿಡಿದಾಗ
ಅದರ ಕಣ್ಣು ನೋಡುವುದನ್ನು ಬಿಟ್ಟಿದ್ದೇನೆ.
ರಾತ್ರಿ ದೀಪ ಆರಿಸಿದ ಮೇಲೆ
ಹೆಬ್ಬೆರಳು ತಾನಾಗಿ ನನ್ನ ಪಕ್ಕೆಯಡಿ ಹೋಗಿ
ಒತ್ತಿ ನೋಡುತ್ತದೆ.
ಏನೂ ಹೇಳುವುದಿಲ್ಲ, ಮೊದಲ ಸಲ.